ನೆಟ್ಟ ಕೋಶ, ಇಟ್ಟ ಭರವಸೆ

ಮೈಯ ಗಾಯ ಮಾಯುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ರಕ್ತ ಕೊಟ್ಟು ಬಂದರೆ ಕೆಲವು ವಾರಗಳಲ್ಲಿ ಹೊಸ ರಕ್ತ ತುಂಬಿಕೊಳ್ಳುತ್ತದೆ. ಮೆದುಳಿನ ನರಕೋಶಗಳಿಗೆ ಮಾತ್ರ ಈ ಭಾಗ್ಯ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಹೊಟ್ಟೆಯಲ್ಲೇ ಹುಟ್ಟಿ, ನಮ್ಮ ಜೊತೆ ಬೆಳೆದು, ನಮ್ಮ ಜೊತೆಗೇ ಮುಪ್ಪಾಗುವ ಕೋಶಗಳು ಅವು. ನಡುವೆ ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಪಾರ್ಕಿನ್ಸನ್ ಕಾಯಿಲೆ ಇರುವ ಮನೆಯವರು ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ದಿನವೂ ಕಣ್ಣಾರೆ ಕಾಣುತ್ತಾರೆ.

ಕುಕ್ಕುವಾಡದಲ್ಲಿರುವ ನಮ್ಮ ದೊಡ್ಡಪ್ಪನವರ ಕಾಯಿಲೆಯನ್ನು ಮೊದಲು ತಿಳಿಸಿದ್ದು ಅವರ ಸಹಿ. ಬೆಳೆಸಾಲದ ಕಾಗದಕ್ಕೆ ಹಾಕಿದ ಸಹಿ ಹಳೆಯದಕ್ಕೆ ಹೊಂದಲಿಲ್ಲ; ಅಕ್ಷರಗಳು ಕೊನೆಗೆ ಬರುತ್ತಾ ಬರುತ್ತಾ ಸಣ್ಣದಾಗಿ ಒಂದರೊಳಗೊಂದು ಸೇರಿಕೊಂಡಿದ್ದವು. ಆಮೇಲೆ ಸುಮ್ಮನೆ ಕೂತಾಗ ಬಲಗೈ ಹೆಬ್ಬೆರಳು ನಡುಗತೊಡಗಿತು. ನಡೆಯುವಾಗ ಆ ಕೈ ಬೀಸುವುದು ನಿಂತಿತು. ನಗುವ ಮಾತಿಗೂ ಮುಖದಲ್ಲಿ ನಗು ಮೂಡುವುದು ತಡವಾಯಿತು. ಊರಿನಲ್ಲಿ ಕೆಲವರು ವಾಯು ಎಂದರು, ಕೆಲವರು ವಯಸ್ಸಾಯಿತಲ್ಲ ಎಂದರು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆದು, ಊರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿ ಬಾಳಿದ ಕೈಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ದೊಡ್ಡ ಕೆಲಸವಾಗಿತ್ತು. ದಾವಣಗೆರೆಯ ನರರೋಗ ವೈದ್ಯರು ಅವರನ್ನು ನಡೆಸಿ, ಬೆರಳು ಬಡಿಸಿ, ಮಣಿಕಟ್ಟು ತಿರುಗಿಸಿ ನೋಡಿ ಕಾಯಿಲೆಯ ಹೆಸರು ಹೇಳಿದರು.

ಒಂದು ಸಂಜೆ ಅವರು ಕೇಳಿದರು: “ಬೆಂಗ್ಳೂರಾಗೆ ಮೆದುಳಿಗೆ ಹೊಸ ಜೀವಕೋಶ ಹಾಕ್ತಾರಂತಪ್ಪ. ಸಸಿ ಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡಿದಂಗೆ. ಹೌದೇನು?”

ಹೌದು ಎಂದರೆ ಹೆಚ್ಚಾಗುತ್ತದೆ, ಇಲ್ಲ ಎಂದರೆ ಕಡಿಮೆಯಾಗುತ್ತದೆ. ಆ ಪ್ರಶ್ನೆ ಅಂದಿನಿಂದ ನನ್ನೊಳಗೆ ಉಳಿದಿದೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಮೆದುಳಿನ ವಿಚಾರ ತಿಳಿದರೆ ಸಾಲದು. ಕಾಯಿಲೆ ಬಿದ್ದವರ ಮುಂದೆ ಭರವಸೆಯ ಮಾತನ್ನು ಎಷ್ಟು ಆಡಬೇಕು, ಹೇಗೆ ಆಡಬೇಕು ಎನ್ನುವುದೂ ತಿಳಿಯಬೇಕು ಎಂದು ನನಗೆ ಅನ್ನಿಸಿದೆ.

ಮೊದಲು ಮೆದುಳಿನ ವಿಚಾರ. ನಡುಮೆದುಳಿನ ಎರಡೂ ಬದಿಯಲ್ಲಿ ಕಪ್ಪು ಬಣ್ಣದ ಒಂದೊಂದು ಸಣ್ಣ ಪಟ್ಟಿ ಇದೆ. ವೈದ್ಯರು ಅದನ್ನು ಸಬ್‌ಸ್ಟಾನ್ಷಿಯಾ ನೈಗ್ರಾ ಎನ್ನುತ್ತಾರೆ. ಅಲ್ಲಿನ ಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿ, ಉದ್ದನೆಯ ನರತಂತುಗಳ ಮೂಲಕ ಪ್ಯುಟಾಮೆನ್ ಎಂಬ ಭಾಗಕ್ಕೆ ಮುಟ್ಟಿಸುತ್ತವೆ. ನಾವು ಯೋಚಿಸದೆಯೇ ಎದ್ದು ನಿಲ್ಲುವುದು, ಹೊಸಿಲು ದಾಟುವುದು, ಲೋಟ ಎತ್ತುವುದು ಎಲ್ಲವೂ ಸಲೀಸಾಗಿ ನಡೆಯುವುದು ಈ ಡೋಪಮೈನ್ ಇರುವುದರಿಂದ. ಪಾರ್ಕಿನ್ಸನ್‌ನಲ್ಲಿ ಆ ಕಪ್ಪು ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗಿ ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹೋಗಿರುತ್ತದೆ. ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು; ಆಗ ಯಾರೂ ಅದನ್ನು ಈ ಕಾಯಿಲೆಗೆ ಸೇರಿಸಿ ನೋಡಿರುವುದಿಲ್ಲ.

1817 ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರನ್ನು ಗಮನಿಸಿ ಈ ಕಾಯಿಲೆಯ ಬಗ್ಗೆ ಬರೆದ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ, ಅವರ ನಡಿಗೆಯನ್ನು ನೋಡಿ. ಕಪ್ಪು ಪಟ್ಟಿಯ ಕೋಶಗಳು ನಾಶವಾಗುವುದೇ ಇದರ ಮೂಲ ಎಂದು ಪ್ಯಾರಿಸಿನಲ್ಲಿ ಟ್ರೆಟಿಯಕಾಫ್ ತೋರಿಸಿದ್ದು 1919 ರಲ್ಲಿ. ಡೋಪಮೈನ್ ಎಂಥ ವಸ್ತು ಎಂದು ತಿಳಿದ ಕಥೆಯಲ್ಲಿ ನಮ್ಮ ಕಡೆಯ ಎರಡು ಗಿಡಗಳು ಬರುತ್ತವೆ. 1957 ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪೀನ್ ಕೊಟ್ಟಾಗ ಅವು ಅಲುಗಾಡದೆ ಕೂತುಬಿಟ್ಟವು. ರಿಸರ್ಪೀನ್ ಸಿಗುವುದು ಸರ್ಪಗಂಧದ ಬೇರಿನಲ್ಲಿ. ಆ ಮೊಲಗಳಿಗೆ, ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಡೋಪಾ ಇರುವುದು ನಸುಗುನ್ನಿಯ ಬೀಜದಲ್ಲಿ. ಬೇಲಿಯ ಮೇಲೆ ಹಬ್ಬಿ, ಮೈಗೆ ತಾಗಿದರೆ ನವೆ ಏಳಿಸುವ ಅದೇ ಬಳ್ಳಿ. 1937 ರಲ್ಲೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ವಿಜ್ಞಾನಿಗಳು ಆ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿದ್ದರು. ಕಂಪವಾತಕ್ಕೆ ನಸುಗುನ್ನಿ ಕೊಡುತ್ತಿದ್ದ ಆಯುರ್ವೇದದ ಪಂಡಿತರಿಗೆ ಡೋಪಮೈನಿನ ವಿಷಯ ಗೊತ್ತಿರಲಿಲ್ಲ. ಆದರೆ ರೋಗಿಯ ಕೈಯನ್ನು ಅವರು ಚೆನ್ನಾಗಿ ನೋಡಿದ್ದರು. ಕಾರ್ಲ್‌ಸನ್ನರಿಗೆ 2000 ದಲ್ಲಿ ನೊಬೆಲ್ ಬಂತು.

1960 ರ ದಶಕದ ಕೊನೆಯಲ್ಲಿ ಎಲ್-ಡೋಪಾ ಗುಳಿಗೆಯಾಗಿ ಬಂದಾಗ ಜಗತ್ತಿಗೆ ಅದು ಪವಾಡದಂತೆ ಕಂಡಿತು. ಇಂದಿಗೂ ಈ ಕಾಯಿಲೆಗೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ. ನಮ್ಮ ಊರುಗಳ ಔಷಧಿ ಅಂಗಡಿಯಲ್ಲೂ ಸಿಂಡೋಪಾ ಎಂದು ಕೇಳಿದರೆ ಸಿಗುತ್ತದೆ. ಮೊದಲ ಕೆಲವು ವರ್ಷ ಗುಳಿಗೆ ನುಂಗಿದರೆ ಸಾಕು, ದಿನ ಸರಿಯಾಗಿ ಸಾಗುತ್ತದೆ. ಹೋಗುತ್ತಾ ಹೋಗುತ್ತಾ ಗುಳಿಗೆಯ ಬಲ ಬೇಗ ಇಳಿಯತೊಡಗುತ್ತದೆ. ಬೆಳಗಿನ ಗುಳಿಗೆಯ ಬಲದಲ್ಲಿ ತೋಟದವರೆಗೆ ನಡೆದು ಹೋದವರು ವಾಪಸ್ಸು ಬರುವಾಗ ದಾರಿಯಲ್ಲಿ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಾರೆ. “ಗುಳಿಗೆ ಹತ್ತಲಿಲ್ಲ”, “ಗುಳಿಗೆ ಇಳೀತು” ಎನ್ನುವುದು ಆ ಮನೆಗಳ ದಿನದ ಮಾತು. ಗುಳಿಗೆ ಹೆಚ್ಚಿಸಿದರೆ ಕೈಕಾಲು ತಮ್ಮಷ್ಟಕ್ಕೆ ಹೊರಳಾಡುವ ಇನ್ನೊಂದು ಕಷ್ಟ. ಬೇಳೆ, ಹಾಲು, ಮೊಟ್ಟೆಯ ಜೊತೆ ನುಂಗಿದರೆ ಅದರ ಸತ್ವ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಹೀಗೆ ಇಡೀ ಮನೆಯ ಗಡಿಯಾರ ಒಂದು ಗುಳಿಗೆಯ ಸುತ್ತ ತಿರುಗತೊಡಗುತ್ತದೆ.

ಬದುಕಿರುವ ಕೋಶವಾದರೆ ಡೋಪಮೈನನ್ನು ಬೇಕಾದಾಗ, ಬೇಕಾದಷ್ಟು, ಬೇಕಾದ ಕಡೆ ಬಿಡುತ್ತದೆ. ಗುಳಿಗೆಗೆ ಆ ಸೂಕ್ಷ್ಮ ತಿಳಿಯದು. ಹಾಗಿದ್ದರೆ ಕೋಶವನ್ನೇ ಏಕೆ ನೆಡಬಾರದು? ದೊಡ್ಡಪ್ಪ ಕೇಳಿದ ಪ್ರಶ್ನೆ ಇದೇ. ಸ್ವೀಡನ್ನಿನ ಲುಂಡ್ ನಗರದ ಆಂಡರ್ಸ್ ಬ್ಯೋರ್ಕ್‌ಲುಂಡ್ ಮತ್ತು ಓಲೆ ಲಿಂಡ್‌ವಾಲ್ ಕೇಳಿಕೊಂಡದ್ದೂ ಇದನ್ನೇ. 1987 ರಲ್ಲಿ ಅವರ ತಂಡ ಗರ್ಭಪಾತವಾದ ಭ್ರೂಣಗಳ ನಡುಮೆದುಳಿನಿಂದ ಕೋಶಗಳನ್ನು ತೆಗೆದು ರೋಗಿಗಳ ಮೆದುಳಿಗೆ ಸೇರಿಸಿತು.

ರೈತರ ಹೋಲಿಕೆ ಇಲ್ಲಿ ಬಹಳ ದೂರದವರೆಗೆ ಸರಿಹೋಗುತ್ತದೆ. ಸಸಿಯ ವಯಸ್ಸು ಮೀರಿದರೆ ನಾಟಿ ಹಿಡಿಯುವುದಿಲ್ಲ ಎಂದು ಭತ್ತ ಬೆಳೆಯುವವರಿಗೆ ಗೊತ್ತು. ಭ್ರೂಣದ ಕೋಶಕ್ಕೂ ಹಾಗೆಯೇ: ಗರ್ಭದ ಆರರಿಂದ ಒಂಬತ್ತು ವಾರದ ನಡುವಿನದ್ದೇ ಬೇಕು. ಬಲಿತ ನರಕೋಶವನ್ನು ಕಿತ್ತರೆ ಸಾಯುತ್ತದೆ, ತೀರಾ ಎಳೆಯದು ಏನಾಗಿ ಬೆಳೆಯುವುದೋ ಹೇಳಲಾಗದು. ನೆಟ್ಟದ್ದೆಲ್ಲ ಬದುಕುವುದಿಲ್ಲ, ಹೆಚ್ಚಿನ ಪಾಲು ಮೊದಲ ದಿನಗಳಲ್ಲೇ ಸಾಯುತ್ತದೆ. ಉಳಿದವು ಬೇರು ಬಿಟ್ಟು ಅಕ್ಕಪಕ್ಕದ ಕೋಶಗಳೊಂದಿಗೆ ಕೂಡಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಒಂದು ಕಡೆ ಮಾತ್ರ ಹೋಲಿಕೆ ನಿಲ್ಲುತ್ತದೆ. ವೈದ್ಯರು ಕೋಶವನ್ನು ಅದು ಸತ್ತ ಜಾಗದಲ್ಲಿ ನೆಡುವುದಿಲ್ಲ. ಕಪ್ಪು ಪಟ್ಟಿಯಿಂದ ಪ್ಯುಟಾಮೆನ್ ದೂರ. ಎಳೆಯ ಕೋಶ ಅಷ್ಟು ಉದ್ದದ ತಂತುವನ್ನು ಬೆಳೆಸಲಾರದು ಎಂದು ಡೋಪಮೈನ್ ತಲುಪಬೇಕಾದ ಪ್ಯುಟಾಮೆನ್‌ನಲ್ಲೇ ನೆಡುತ್ತಾರೆ.

ಲುಂಡ್‌ನ ಮೊದಲ ಇಬ್ಬರಿಗೆ ಹೆಚ್ಚು ಗುಣ ಕಾಣಲಿಲ್ಲ. ನಂತರದ ಕೆಲವರಲ್ಲಿ ಆಶ್ಚರ್ಯವಾಗುವಷ್ಟು ಕಂಡಿತು. ವರ್ಷಗಟ್ಟಲೆ ಎಲ್-ಡೋಪಾ ಇಲ್ಲದೆ ನಡೆದಾಡಿದವರೂ ಇದ್ದರು. ಆದರೆ ಒಬ್ಬ ರೋಗಿಗೆ ಹಲವು ಭ್ರೂಣಗಳ ಕೋಶ ಬೇಕಿತ್ತು, ಅವು ಒಂದೇ ಹೊತ್ತಿಗೆ ಸಿಗಬೇಕಿತ್ತು. ಒಂದು ಮನೆಯ ದುಃಖದಿಂದ ಇನ್ನೊಂದು ಮನೆಯ ಆಸೆಯನ್ನು ತುಂಬುವ ಆ ದಾರಿ ಅನೇಕರ ಮನಸ್ಸಿಗೆ ಒಗ್ಗಲಿಲ್ಲ. ಅದರ ಜೊತೆಗೆ ಇನ್ನೊಂದು ಗಟ್ಟಿ ಪ್ರಶ್ನೆಯಿತ್ತು: ಗುಣವಾದದ್ದು ಕೋಶದಿಂದಲೇ ಎನ್ನುವುದಕ್ಕೆ ಏನು ಸಾಕ್ಷಿ?

ಈ ಪ್ರಶ್ನೆ ಪಾರ್ಕಿನ್ಸನ್ ಕಾಯಿಲೆಯಲ್ಲಿ ಬೇರೆ ಎಷ್ಟೋ ಕಾಯಿಲೆಗಳಿಗಿಂತ ಕಠಿಣ. 2001 ರಲ್ಲಿ ಕೆನಡಾದ ವ್ಯಾಂಕೂವರಿನ ಸಂಶೋಧಕರು ಪಾರ್ಕಿನ್ಸನ್ ರೋಗಿಗಳಿಗೆ ಔಷಧಿ ಇರಬಹುದು, ಇಲ್ಲದಿರಬಹುದು ಎಂದು ತಿಳಿಸಿ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು, ಸ್ಕ್ಯಾನ್ ಮಾಡಿ ನೋಡಿದರು. ಔಷಧಿ ಬಂದಿತೆಂಬ ನಿರೀಕ್ಷೆಯಿಂದಲೇ ಅವರ ಮೆದುಳು ಡೋಪಮೈನನ್ನು ಬಿಟ್ಟಿತ್ತು. ಅಳಿದುಳಿದ ಕೋಶಗಳಿಂದಲೇ ಹೊರಟ ನಿಜವಾದ ಡೋಪಮೈನ್ ಅದು. ನನ್ನ ಮಟ್ಟಿಗೆ ಈ ಕಾಯಿಲೆಯ ಬಗ್ಗೆ ತಿಳಿದುಕೊಂಡ ವಿಷಯಗಳಲ್ಲಿ ಇದರಷ್ಟು ದೊಡ್ಡದು ಇನ್ನೊಂದಿಲ್ಲ. ಯಾವ ವಸ್ತು ಕಡಿಮೆಯಾಗಿ ಮನುಷ್ಯ ನಿಂತಲ್ಲೇ ನಿಲ್ಲುತ್ತಾನೋ ಅದೇ ವಸ್ತುವನ್ನು ಆಸೆಯೂ ಸ್ವಲ್ಪ ಹೊತ್ತು ಒದಗಿಸುತ್ತದೆ. ಹೊಸ ವೈದ್ಯರನ್ನು ಕಂಡು ಬಂದ ವಾರ, ಮಗಳು ದೂರದ ಊರಿನಿಂದ ಬಂದ ದಿನ, ಜಾತ್ರೆಯ ಬೆಳಗ್ಗೆ ದೊಡ್ಡವರ ಕಾಲು ಹಗುರಾಗುವುದನ್ನು ಮನೆಯವರು ಕಂಡಿರುತ್ತಾರೆ. ಅದು ನಟನೆ ಅಲ್ಲ, ಬರಿಯ ಅನಿಸಿಕೆಯೂ ಅಲ್ಲ. ಅದಕ್ಕೆ ಮೆದುಳಿನಲ್ಲಿ ಆಧಾರವಿದೆ.

ಆದ್ದರಿಂದಲೇ ಅದೇ 2001 ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಮನಸ್ಸನ್ನು ಕಲಕುತ್ತದೆ. ಡಾ. ಕರ್ಟ್ ಫ್ರೀಡ್ ಮತ್ತು ಸಂಗಡಿಗರು 40 ರೋಗಿಗಳನ್ನು ತೆಗೆದುಕೊಂಡರು. 20 ಜನರಿಗೆ ಭ್ರೂಣದ ಕೋಶ ನೆಟ್ಟರು. ಉಳಿದ 20 ಜನರಿಗೆ ತಲೆಬುರುಡೆಗೆ ರಂಧ್ರ ಕೊರೆದರು. ಒಳಗೆ ಸೂಜಿ ಹೋಗಲಿಲ್ಲ, ಕೋಶವೂ ಹೋಗಲಿಲ್ಲ. ತಮಗೆ ಯಾವುದು ಸಿಕ್ಕಿತೆಂದು ಒಂದು ವರ್ಷ ಯಾರಿಗೂ ತಿಳಿಸಲಿಲ್ಲ. ಎಲ್ಲರೂ ಎಲ್ಲವನ್ನೂ ಮೊದಲೇ ಒಪ್ಪಿಕೊಂಡೇ ಬಂದಿದ್ದರು. ವರ್ಷದ ಕೊನೆಗೆ ತಮ್ಮ ಸ್ಥಿತಿ ಎಷ್ಟು ಸುಧಾರಿಸಿದೆ ಎಂದು ರೋಗಿಗಳೇ ಹೇಳಬೇಕಿತ್ತು. ಎರಡು ಗುಂಪುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ವೈದ್ಯರ ಪರೀಕ್ಷೆಯಲ್ಲಿ ಅರವತ್ತರೊಳಗಿನವರಿಗೆ ಸ್ವಲ್ಪ ಗುಣ ಕಂಡಿತು. ಕೋಶ ನೆಟ್ಟವರಲ್ಲಿ ಶೇ. 15 ರಷ್ಟು ಜನರಿಗೆ ಗುಳಿಗೆ ನಿಲ್ಲಿಸಿದರೂ ನಿಲ್ಲದಂಥ ಹೊರಳಾಟ ಆಮೇಲೆ ಶುರುವಾಯಿತು. ಕೆಲವು ವರ್ಷಗಳ ನಂತರ ಇದೇ ಜನರ ಬಗ್ಗೆ ಇನ್ನೊಂದು ಲೇಖನ ಬಂತು. ನಿಜವಾಗಿ ಕೋಶ ಸಿಕ್ಕಿತೋ ಇಲ್ಲವೋ, ಸಿಕ್ಕಿದೆ ಎಂದು ನಂಬಿದವರು ತಮ್ಮ ಬದುಕು ಸುಧಾರಿಸಿದೆ ಎಂದಿದ್ದರು.

ತಲೆಗೆ ರಂಧ್ರ ಕೊರೆಸಿಕೊಂಡು, ಒಳಗೆ ಏನೂ ಇಲ್ಲದೆ ಮನೆಗೆ ಹೋದ ಆ 20 ಜನರನ್ನು ನಾನು ಅನೇಕ ಬಾರಿ ನೆನೆಯುತ್ತೇನೆ. ಇದು ಸರಿಯೇ ಎಂದು ಆಗಲೂ ವಾದ ನಡೆಯಿತು, ಈಗಲೂ ನಡೆಯುತ್ತದೆ. ನನಗನ್ನಿಸುವುದು ಇಷ್ಟು: ಆಸೆಯೇ ಕೈಕಾಲನ್ನು ಆಡಿಸಬಲ್ಲ ಕಾಯಿಲೆಯಲ್ಲಿ, ಆಸೆ ಮಾಡಿದ್ದೆಷ್ಟು ಕೋಶ ಮಾಡಿದ್ದೆಷ್ಟು ಎಂದು ಬೇರೆ ಮಾಡದಿದ್ದರೆ ಮುಂದಿನ ಸಾವಿರಾರು ಜನರ ತಲೆಗೆ ಕಾರಣವಿಲ್ಲದೆ ರಂಧ್ರ ಬೀಳುತ್ತದೆ. ಆ 20 ಜನ ತಮ್ಮ ನೋವನ್ನು ಕೊಟ್ಟು ಅದನ್ನು ತಡೆದರು. ಅವರ ಹೆಸರು ಎಲ್ಲೂ ಇಲ್ಲ. ಔಷಧಿ ಕಂಡುಹಿಡಿದವರ ಸಾಲಿನಲ್ಲಿ ಅವರಿಗೂ ಜಾಗವಿದೆ.

2008 ರಲ್ಲಿ ಮತ್ತೊಂದು ಪಾಠ ಬಂತು. ಹತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕೋಶ ನೆಡಿಸಿಕೊಂಡಿದ್ದ ಕೆಲವರು ತೀರಿಕೊಂಡ ಮೇಲೆ ಅವರ ಮೆದುಳನ್ನು ಪರೀಕ್ಷಿಸಿದರು. ಎಳೆಯ ಕೋಶಗಳು ಬದುಕಿದ್ದವು. ಆದರೆ ಅವುಗಳಲ್ಲಿ ಕೆಲವುಗಳ ಒಳಗೆ ಲೂಯಿ ಬಾಡಿ ಎಂಬ, ಈ ಕಾಯಿಲೆಯ ಗುರುತಾದ ಪ್ರೋಟೀನ್ ಗಂಟು ಕಂಡಿತು. ಮೊದಲ ಪೈರನ್ನು ಕೆಡಿಸಿದ ರೋಗ ಮಣ್ಣಿನಲ್ಲೇ ಉಳಿದಿತ್ತು ಎಂದು ರೈತರು ಹೇಳುವರೇನೋ. ಹಾಗೆಂದು ನಾಟಿ ವ್ಯರ್ಥ ಎಂದಾಗಲಿಲ್ಲ. ಅಷ್ಟು ವರ್ಷಗಳಾದರೂ ಅನೇಕ ಕೋಶಗಳು ಚೆನ್ನಾಗಿಯೇ ಇದ್ದವು. ಆದರೆ ಕೋಶ ನೆಡುವುದು ಬೇರೆ, ಕಾಯಿಲೆಯನ್ನು ನಿಲ್ಲಿಸುವುದು ಬೇರೆ ಎನ್ನುವುದು ಅಲ್ಲಿಗೆ ಖಚಿತವಾಯಿತು. ಇಷ್ಟನ್ನು ಹೇಳಲು ತಮ್ಮ ಮೆದುಳನ್ನು ಬಿಟ್ಟುಹೋದವರು ಬೇಕಾದರು.

ಇನ್ನು ದೊಡ್ಡಪ್ಪನವರ ಕಿವಿಗೆ ಬಿದ್ದ ಬೆಂಗಳೂರಿನ ಸುದ್ದಿ. ಅದು ಸುಳ್ಳಲ್ಲ. ಬಿಜಿಎಸ್ ಗ್ಲೋಬಲ್ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಕ ಡಾ. ಎನ್.ಕೆ. ವೆಂಕಟರಮಣ ಮತ್ತು ಸಂಗಡಿಗರು ಏಳು ಪಾರ್ಕಿನ್ಸನ್ ರೋಗಿಗಳ ಸ್ವಂತ ಅಸ್ಥಿಮಜ್ಜೆಯಿಂದ ಆಕರಕೋಶಗಳನ್ನು, ಅಂದರೆ ಎಲ್ಲರೂ ಸ್ಟೆಮ್ ಸೆಲ್ ಎನ್ನುವಂಥವನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮೆದುಳಿನ ಒಂದು ಬದಿಗೆ ಸೇರಿಸಿದರು. 2010 ರಲ್ಲಿ ಅದರ ವರದಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತರಿಂದ ಮೂವತ್ತಾರು ತಿಂಗಳು ನೋಡಿದಾಗ ಏಳರಲ್ಲಿ ಮೂವರಿಗೆ ಸ್ಥಿರವಾದ ಸುಧಾರಣೆ ಕಂಡಿತು, ಯಾರಿಗೂ ಗಂಭೀರ ಅಪಾಯವಾಗಲಿಲ್ಲ. 2012 ರಲ್ಲಿ ಬೇರೆ ದಾನಿಗಳ ಕೋಶವನ್ನು ಎರಡೂ ಬದಿಗೆ ಸೇರಿಸಿದ ಇನ್ನೊಂದು ಸಣ್ಣ ಅಧ್ಯಯನವೂ ಬಂತು.

ಅಸ್ಥಿಮಜ್ಜೆಯ ಈ ಕೋಶಗಳು ಭ್ರೂಣದ ನಡುಮೆದುಳಿನ ಕೋಶಗಳಂತಲ್ಲ. ಅವೇ ಡೋಪಮೈನ್ ಕೋಶಗಳಾಗಿ ನೆಲೆ ನಿಲ್ಲುತ್ತವೆ ಎನ್ನುವುದಕ್ಕಿಂತ, ಅವು ಸ್ರವಿಸುವ ಪೋಷಕ ವಸ್ತುಗಳಿಂದ ಸುತ್ತಲಿನ ಕೋಶಗಳಿಗೆ ಬಲ ಬರಬಹುದು ಎನ್ನುವುದು ಅಲ್ಲಿನ ಆಸೆ. ದೊಡ್ಡಪ್ಪನವರ ಮಾತಿನಲ್ಲಿ ಹೇಳುವುದಾದರೆ ಅದು ಹೊಸ ಸಸಿ ಅಲ್ಲ, ಇರುವ ಪೈರಿಗೆ ಗೊಬ್ಬರ. ಈ ವರದಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಸಂಶೋಧಕರು ತಾವೇ ಒಪ್ಪಿಕೊಂಡ ಒಂದು ವಿಷಯವನ್ನು: ರೋಗಿಗಳ ಸಂಖ್ಯೆ ಸಣ್ಣದು, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ಆದ್ದರಿಂದ ಈ ಚಿಕಿತ್ಸೆ ಫಲ ಕೊಡುತ್ತದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಅಪಾಯ ಕಾಣದಿರುವುದರಿಂದ ದೊಡ್ಡ ಅಧ್ಯಯನ ಮಾಡಬಹುದು. ವಿಜ್ಞಾನ ಬಲ್ಲವರ ಸಂಯಮ ಇದು. ಆದರೆ ಆ ಸಂಯಮ ಪತ್ರಿಕೆಯ ಪುಟದಿಂದ ಹೊರಟು ಊರಿನ ಕಟ್ಟೆಗೆ ಬರುವಷ್ಟರಲ್ಲಿ ದಾರಿಯಲ್ಲೇ ಉಳಿದುಬಿಡುತ್ತದೆ. ಬಂದು ಮುಟ್ಟುವುದು ‘ಬೆಂಗಳೂರಿನಲ್ಲಿ ಹಾಕುತ್ತಾರಂತೆ’ ಎಂಬುದಷ್ಟೇ.

ಆ ಅರ್ಧ ಸುದ್ದಿಯ ಬೆನ್ನಿಗೇ ವ್ಯಾಪಾರ ಬರುತ್ತದೆ. ಸ್ಟೆಮ್ ಸೆಲ್ ಚುಚ್ಚಿ ಪಾರ್ಕಿನ್ಸನ್ ವಾಸಿ ಮಾಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ದೇಶದ ನಗರಗಳಲ್ಲಿ ಇದ್ದಾರೆ. 2017 ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥದ್ದನ್ನು ಬಿಟ್ಟರೆ, ಆಕರಕೋಶಗಳನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬೇಕು. ಚಿಕಿತ್ಸೆ ಎಂದು ಮಾರುವಂತಿಲ್ಲ. ಪ್ರಯೋಗದಲ್ಲಿ ಭಾಗವಹಿಸುವವರಿಂದ ಹಣ ಪಡೆಯುವುದೂ ಸಲ್ಲದು. ಹೀಗಿದ್ದೂ ಹಣ ಕೊಟ್ಟು ಬಂದವರು ಒಂದೆರಡು ವಾರ ಚೇತರಿಸಿಕೊಂಡಂತೆ ಕಾಣುತ್ತಾರೆ. ಏಕೆ ಎಂದು ವ್ಯಾಂಕೂವರಿನ ಉಪ್ಪುನೀರು ತಿಳಿಸುತ್ತದೆ. ಅವರದೇ ಮೆದುಳು ಆಸೆಯಿಂದ ಹೊರಡಿಸಿದ ಡೋಪಮೈನನ್ನು ಅವರಿಗೇ ಬೆಲೆ ಕಟ್ಟಿ ಮಾರಿದಂತಾಯಿತು. ಆ ಬಲ ಇಳಿದ ಮೇಲೆ ಉಳಿಯುವುದು ಸಾಲ. ಅದಕ್ಕಿಂತ ಹೆಚ್ಚಾಗಿ, ಮುಂದೆ ನಿಜವಾದ ಔಷಧಿ ಬಂದರೂ ನಂಬದಷ್ಟು ದಣಿದ ಮನಸ್ಸು ಉಳಿಯುತ್ತದೆ. ಅಡಿಕೆ ತೋಟ ಅಡವಿಟ್ಟು ಚಿಕಿತ್ಸೆಗೆ ಹೋಗುವ ಮನೆಯವರದು ತಪ್ಪಲ್ಲ; ಪ್ರೀತಿ ಇರುವವರು ಹೋಗದೆ ಇರಲಾರರು. ಆ ಪ್ರೀತಿಗೆ ದರ ನಿಗದಿ ಮಾಡುವುದು ಅನ್ಯಾಯ.

ಇಷ್ಟಾದರೂ ಕೋಶ ನೆಡುವ ವಿದ್ಯೆ ನಿಂತಿಲ್ಲ. 2006 ರಲ್ಲಿ ಜಪಾನಿನ ಶಿನ್ಯಾ ಯಮನಾಕ ಬೆಳೆದ ಇಲಿಯ ಚರ್ಮದ ಕೋಶವನ್ನು ಮತ್ತೆ ಭ್ರೂಣದಂಥ ಎಳೆತನಕ್ಕೆ ತಿರುಗಿಸಿದರು. ಮರುವರ್ಷ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು. 2012 ರಲ್ಲಿ ಅವರಿಗೆ ನೊಬೆಲ್ ಬಂತು. ಭ್ರೂಣಗಳಿಗಾಗಿ ಕಾಯಬೇಕಾಗಿಲ್ಲದ ಸಸಿ ಮಡಿ ಹೀಗೆ ಸಿದ್ಧವಾಯಿತು. 2018 ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಜುನ್ ತಕಾಹಾಶಿ ತಂಡ ದಾನಿಯ ಕೋಶದಿಂದ ಬೆಳೆಸಿದ ಎಳೆಯ ಡೋಪಮೈನ್ ಕೋಶಗಳನ್ನು ರೋಗಿಗಳಲ್ಲಿ ನೆಡಲು ಆರಂಭಿಸಿತು. 2025 ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. 50 ರಿಂದ 69 ವಯಸ್ಸಿನ ಏಳು ಜನ. ಎರಡು ವರ್ಷದಲ್ಲಿ ಗಂಭೀರ ತೊಂದರೆ ಇಲ್ಲ, ಗೆಡ್ಡೆ ಬೆಳೆಯಲಿಲ್ಲ. ಫಲ ಅಳೆದು ನೋಡಿದ ಆರು ಜನರಲ್ಲಿ ನಾಲ್ವರಿಗೆ ಗುಳಿಗೆಯ ಬಲ ಇಲ್ಲದ ಹೊತ್ತಿನಲ್ಲೂ ಚಲನೆ ಸುಧಾರಿಸಿತ್ತು. ಸ್ಕ್ಯಾನಿನಲ್ಲಿ ಪ್ಯುಟಾಮೆನ್‌ನಲ್ಲಿ ಡೋಪಮೈನ್ ತಯಾರಾಗುವುದು ಹೆಚ್ಚಿತ್ತು. ಅದೇ ಸಂಚಿಕೆಯಲ್ಲಿ ನ್ಯೂಯಾರ್ಕಿನ ವಿವಿಯನ್ ತಬಾರ್, ಲೊರೆಂಜ್ ಸ್ಟುಡರ್ ಮೊದಲಾದವರು 12 ಜನರ ಮೇಲೆ ಮಾಡಿದ ಪ್ರಯೋಗದ ವರದಿಯೂ ಇತ್ತು. ಅಲ್ಲೂ ಅಪಾಯ ಕಾಣಲಿಲ್ಲ, ಆಸೆ ಹುಟ್ಟಿಸುವ ಸುಧಾರಣೆ ಕಂಡಿತು.

ಈ ಎರಡರಲ್ಲೂ ಹೋಲಿಸಿ ನೋಡುವ ಗುಂಪು ಇರಲಿಲ್ಲ. ಸಂಶೋಧಕರಿಗೂ ಅದು ಗೊತ್ತು. ಆದ್ದರಿಂದಲೇ ನ್ಯೂಯಾರ್ಕಿನ ಕೋಶವನ್ನು ಮುಂದಿನ ಹಂತದಲ್ಲಿ ಮತ್ತೆ ಕೋಶವಿಲ್ಲದ ಶಸ್ತ್ರಚಿಕಿತ್ಸೆಯ ಎದುರು ನಿಲ್ಲಿಸಿ ನೋಡುವ ಪ್ರಯೋಗ ಹೂಡಿದ್ದಾರೆ. ಮತ್ತೆ ಕೆಲವರು ಬರಿಗೈಯಲ್ಲಿ ಮನೆಗೆ ಹೋಗಲು ಒಪ್ಪಿ ಸಹಿ ಹಾಕಬೇಕು. ಅದು ಗೆದ್ದರೂ ಮಿತಿ ಇದ್ದೇ ಇದೆ. ಹೊಸ ಕೋಶ ಕೊಡುವುದು ಡೋಪಮೈನ್ ಮಾತ್ರ. ಮರೆವು, ಖಿನ್ನತೆ, ಮಲಬದ್ಧತೆ, ನಿದ್ದೆಯ ತೊಂದರೆ, ಎದ್ದರೆ ತಲೆ ಸುತ್ತುವುದು ಇವಕ್ಕೆಲ್ಲ ಅದರಿಂದ ಉತ್ತರ ಸಿಗದು. ಬೇರೆಯವರ ಕೋಶವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಬಹುಕಾಲ ತೆಗೆದುಕೊಳ್ಳಬೇಕು.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಇನ್ನೊಂದು ಬಗೆಯ ಕೊಡುಗೆ ಸಲ್ಲುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995 ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಮಾನವ ಮೆದುಳಿನ ಬ್ಯಾಂಕ್ ಆರಂಭವಾಯಿತು. ಸತ್ತ ಮೇಲೆ ಮನೆಯವರು ಒಪ್ಪಿ ಕೊಟ್ಟ ಮೆದುಳುಗಳನ್ನು ಅಲ್ಲಿ ಕಾಪಿಟ್ಟು ಅಧ್ಯಯನಕ್ಕೆ ಒದಗಿಸುತ್ತಾರೆ. 1998 ರಲ್ಲಿ ನಿಮ್ಹಾನ್ಸ್‌ನ ಸಂಶೋಧಕರು ಕಾಯಿಲೆ ಇಲ್ಲದ ಭಾರತೀಯರ ಮೆದುಳುಗಳಲ್ಲಿ ಆ ಕಪ್ಪು ಪಟ್ಟಿಯ ಕೋಶಗಳನ್ನು ಎಣಿಸಿ ಒಂದು ವಿಚಿತ್ರವನ್ನು ಕಂಡರು. ಇಂಗ್ಲೆಂಡಿನವರಿಗಿಂತ ನಮ್ಮವರಲ್ಲಿ ಆ ಕೋಶಗಳು ಸಂಖ್ಯೆಯಲ್ಲೇ ಕಡಿಮೆ. ಆದರೆ ವಯಸ್ಸಾದಂತೆ ಅವು ಕರಗುತ್ತಾ ಹೋಗುವುದು ಕಾಣಲಿಲ್ಲ. ನಡುಕವೆಂದರೆ ಮುಪ್ಪು ಎಂದು ತಳ್ಳಿಹಾಕುವ ನಮ್ಮ ಮಾತಿಗೆ ಅಲ್ಲೇ ಉತ್ತರವಿದೆ. ವಯಸ್ಸು ಬೇರೆ, ಕಾಯಿಲೆ ಬೇರೆ. ಕುಕ್ಕುವಾಡದಂಥ ಊರಿನಲ್ಲಿ ‘ವಯಸ್ಸಾಯಿತಲ್ಲ’ ಎಂದು ವರ್ಷಗಟ್ಟಲೆ ಸುಮ್ಮನಿರುವ ಮನೆಗಳಿಗೆ ಈ ಒಂದು ವಿಷಯ ಮುಟ್ಟಿದರೆ ಎಷ್ಟೋ ಜನ ಮೊದಲೇ ವೈದ್ಯರ ಬಳಿಗೆ ಹೋಗುತ್ತಾರೆ, ಮೊದಲೇ ಗುಳಿಗೆ ಸಿಗುತ್ತದೆ. ಹೀಗೆ ಮೆದುಳನ್ನು ಬಿಟ್ಟುಹೋದವರು ತಮಗಾಗಿ ಏನನ್ನೂ ಬಯಸಿರಲಿಲ್ಲ. ಆಸೆ ತನಗಲ್ಲದಿದ್ದರೂ ಆಸೆಯೇ ಎಂದು ಅವರಿಂದ ತಿಳಿಯುತ್ತದೆ.

ಇಷ್ಟನ್ನೂ ಯೋಚಿಸಿದ ಮೇಲೆ ದೊಡ್ಡಪ್ಪನವರಿಗೆ ಹೇಳಿದ್ದು ಹೀಗೆ. “ಹೌದು ದೊಡ್ಡಪ್ಪ, ನಾಟಿ ಮಾಡ್ತಾರೆ. ಕೆಲವರಲ್ಲಿ ಬೇರು ಹಿಡಿದೈತೆ. ಇನ್ನೂ ಪರೀಕ್ಷೆ ನಡೀತಾ ಐತೆ. ಅದು ಎಲ್ಲರಿಗೂ ಸಿಗೋ ಔಷಧಿ ಆಗೋದ್ರೊಳಗೆ ನಿಮಗೆ ಸಿಗುತ್ತೋ ಇಲ್ವೋ ಹೇಳಾಕಾಗಲ್ಲ. ಈಗ ದುಡ್ಡು ತಗೊಂಡು ಹಾಕ್ತೀವಿ ಅನ್ನೋರ ಹತ್ರ ಹೋಗೋದು ಬ್ಯಾಡ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಅಷ್ಟರೊಳಗೆ ನಾನೇನು ಮಾಡ್ಬೇಕು?” ಎಂದರು. ಕೋಶಗಳ ಬಗ್ಗೆ ನಾನು ಓದಿದ ಯಾವ ಲೇಖನವೂ ಅಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ಮಾಡುವುದು ಬಹಳ ಇದೆ. ಗುಳಿಗೆಯನ್ನು ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಳ್ಳುವುದು, ಇದ್ದಕ್ಕಿದ್ದಂತೆ ನಿಲ್ಲಿಸದಿರುವುದು. ದಿನವೂ ನಡೆಯುವುದು, ಕೈಕಾಲು ಚಾಚುವುದು. ವ್ಯಾಯಾಮದಿಂದ ಈ ಕಾಯಿಲೆಯಲ್ಲಿ ನಿಜವಾದ ಪ್ರಯೋಜನವಿದೆ. ಬಾಗಿಲ ಬಳಿ ಹೆಜ್ಜೆ ಅಂಟಿಕೊಂಡರೆ ನೆಲದ ಮೇಲೆ ಅಡ್ಡ ಪಟ್ಟಿ ಎಳೆದು ಅದನ್ನು ದಾಟುವಂತೆ ಹೇಳುವುದು, ತಾಳ ಹಾಕಿ ಎಣಿಸುವುದು. ಜೋರಾಗಿ ಓದಿಸುವುದು, ಹಾಡಿಸುವುದು. ಸಣ್ಣಗಾದ ದನಿ ಬಳಸಿದಷ್ಟೂ ಉಳಿಯುತ್ತದೆ. ಗುಳಿಗೆ ಸಾಲದೆ ಬಂದವರಲ್ಲಿ ಆಯ್ದ ಕೆಲವರಿಗೆ ಮೆದುಳಿನೊಳಗೆ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೇ ಇದೆ. ಅದು ಪರೀಕ್ಷೆ ದಾಟಿ ಬಂದ ಚಿಕಿತ್ಸೆ. ಇವೆಲ್ಲ ಸಣ್ಣ ಮಾತುಗಳಂತೆ ಕಾಣುತ್ತವೆ. ಆದರೆ ಮುಂದೊಂದು ದಿನ ಕೋಶ ನೆಡುವ ಚಿಕಿತ್ಸೆ ಬಂದಾಗ ಅದನ್ನು ತಾಳಿಕೊಳ್ಳುವ ಮೈ ಉಳಿದಿರಬೇಕಾದರೂ ಇವೇ ಬೇಕು.

ಮನೆಯವರು ಕೇಳಬೇಕಾದ ಪ್ರಶ್ನೆಗಳೂ ಇವೆ. ಯಾರಾದರೂ ಕೋಶ ಚಿಕಿತ್ಸೆ ಎಂದರೆ, ಇದು ಅನುಮತಿ ಪಡೆದ ಪ್ರಯೋಗವೇ, ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಇದರ ಸಂಖ್ಯೆ ಎಷ್ಟು, ನನ್ನಿಂದ ಹಣ ಏಕೆ ಕೇಳುತ್ತೀರಿ, ಕೆಟ್ಟರೆ ನೋಡಿಕೊಳ್ಳುವವರು ಯಾರು ಎಂದು ಕೇಳಬೇಕು. ನಿಜವಾದ ಸಂಶೋಧಕರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ.

ಸುಳ್ಳು ಆಸೆ ಕೊಡುವುದಕ್ಕಿಂತ ಆಸೆಯನ್ನೇ ಕೊಡದಿರುವುದು ಮೇಲು ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಪಾರ್ಕಿನ್ಸನ್ ಇರುವವರ ಮೆದುಳಿಗೆ ಭರವಸೆ ಔಷಧಿಯ ಅಂಶದಂತೆಯೇ ಸೇರುತ್ತದೆ ಎಂದು ತಿಳಿದ ಮೇಲೆ ಅದನ್ನು ಅವರಿಂದ ಕಿತ್ತುಕೊಳ್ಳುವುದು ಕ್ರೂರ. ಔಷಧಿಗೆ ಪ್ರಮಾಣವಿರುವಂತೆ ಭರವಸೆಗೂ ಇರಲಿ. ಇಂದು ಕಂಡಷ್ಟು ನಿಜ, ಅಷ್ಟೇ ಪ್ರಮಾಣ. ಏಳರಲ್ಲಿ ಮೂವರು ಎಂದರೆ ಏಳರಲ್ಲಿ ಮೂವರು ಎನ್ನಬೇಕು. ಆರರಲ್ಲಿ ನಾಲ್ವರು ಎಂದರೆ ಅದನ್ನೂ ಹಾಗೆಯೇ ಹೇಳಬೇಕು. ಹಾಗೆ ಅಳೆದು ಕೊಟ್ಟ ಭರವಸೆ ನಾಳೆ ಹುಸಿಯಾಗುವುದಿಲ್ಲ, ಮನೆ ಮಾರಿಸುವುದಿಲ್ಲ, ಬೆಳಿಗ್ಗೆ ಎದ್ದು ನಡೆಯುವ ಮನಸ್ಸನ್ನು ಮಾತ್ರ ಕೊಡುತ್ತದೆ. ಕೋಶ ನೆಡುವ ಕೆಲಸವನ್ನು ಕ್ಯೋಟೋದವರು, ಲುಂಡ್‌ನವರು, ನ್ಯೂಯಾರ್ಕಿನವರು ಮಾಡಲಿ. ನಾಳೆ ಬೆಂಗಳೂರಿನವರೂ ಮಾಡಲಿ. ಭರವಸೆಯನ್ನು ಅಳತೆ ತಪ್ಪದೆ ಕೊಡುವ ಕೆಲಸಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಅದು ವೈದ್ಯರದು, ಪತ್ರಿಕೆಯವರದು, ರೋಗಿಯ ಪಕ್ಕದಲ್ಲಿ ಕೂರುವ ಪ್ರತಿಯೊಬ್ಬರದು; ಮತ್ತು ಅದನ್ನು ಇವತ್ತೇ ಶುರುಮಾಡಬಹುದು.